ಟೆಲಿಸ್ಕೋಪ್ಡ್ ತೋಟಾ: ಪದೇ ಪದೇ ಕೇಳುವ ಪ್ರಶ್ನೆಗಳು

ತೋಪು, ಬಂದೂಕುಗಳ ಯಂತ್ರಭಾಗದ ಬಗ್ಗೆ ಮಾತು ಬಂದಾಗಲೆಲ್ಲ ಈ ತೋಟಾದ ವಿಷಯ ಎದ್ದೇ ಏಳುತ್ತದೆ. 'ಗುಂಡನ್ನು ಒಳಗೆ ತಳ್ಳಿ ತೋಟಾ ಗಿಡ್ಡ ಮಾಡಿದ್ದಾರೆ, ಅಷ್ಟೇ ತಾನೆ?' ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ಗಿಡ್ಡ ಆಗಿದ್ದು ನಿಜ. ಆದರೆ ನನ್ನ ಲೆಕ್ಕದಲ್ಲಿ ಅದು ಅರ್ಧ ಕಥೆ. ಎರಡೂ ತುದಿ ಚಪ್ಪಟೆಯಾದ ನೇರ ಸಿಲಿಂಡರ್ ಸಿಕ್ಕಿದ್ದರಿಂದ ತೋಪಿನ ಹಿಂಭಾಗವನ್ನೇ ಬೇರೆ ಥರ ಕಟ್ಟಲು ಸಾಧ್ಯವಾಯಿತು. ದೊಡ್ಡ ಲಾಭ ಅಲ್ಲಿದೆ. ಅದಕ್ಕೆ ತೆತ್ತ ಬೆಲೆ ಬೆಂಕಿ ಹೊತ್ತಿಸುವ ಕ್ರಮದಲ್ಲಿದೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು.

## ಮೊದಲಿಗೆ

ಟೆಲಿಸ್ಕೋಪ್ಡ್ ತೋಟಾ ಅಂದ್ರೆ ಏನು? ಮಾಮೂಲಿ ತೋಟಾಗೂ ಇದಕ್ಕೂ ಏನು ವ್ಯತ್ಯಾಸ?

ಮಾಮೂಲಿ ತೋಟಾದಲ್ಲಿ ನಾಲ್ಕು ಭಾಗ: ಗುಂಡು, ಮದ್ದು, ಮದ್ದಿಗೆ ಮೊದಲ ಕಿಡಿ ಕೊಡುವ ಪ್ರೈಮರ್, ಇವನ್ನೆಲ್ಲ ಹಿಡಿದಿಡುವ ಕೇಸು. ಗುಂಡಿನ ಬುಡ ಕೇಸಿನ ಬಾಯಲ್ಲಿ ಕಚ್ಚಿಕೊಂಡಿರುತ್ತದೆ, ಮೂತಿ ಹೊರಗಿರುತ್ತದೆ. ಗುಂಡಿನ ಹಿಂದೆ ಮದ್ದು.

ಟೆಲಿಸ್ಕೋಪ್ಡ್ ತೋಟಾದಲ್ಲಿ ಗುಂಡನ್ನು ಹಿಂದಕ್ಕೆ ಸರಿಸಿ ಮದ್ದಿನ ನಡುವೆಯೇ ಕೂರಿಸುತ್ತಾರೆ. ಮದ್ದು ಹಿಂದೆ ಮಾತ್ರ ಅಲ್ಲ, ಗುಂಡಿನ ಸುತ್ತಲೂ ಇರುತ್ತದೆ. ಕೆಲವು ವಿನ್ಯಾಸಗಳಲ್ಲಿ ಗುಂಡಿನ ಒಂದು ಭಾಗ ಮಾತ್ರ ಹೀಗೆ ಮುಳುಗಿರುತ್ತದೆ, ಕೆಲವದರಲ್ಲಿ ಪೂರ್ತಿ.

ಇವತ್ತು ಸೇನೆಗಳ ಕೈಯಲ್ಲಿರುವ ಮುಖ್ಯ ಉದಾಹರಣೆ 40 ಮಿಮೀ ಸಿಟಿಎ (ಕೇಸ್ಡ್ ಟೆಲಿಸ್ಕೋಪ್ಡ್ ಅಮ್ಯುನಿಷನ್, ಅಂದರೆ ಕೇಸಿರುವ ಟೆಲಿಸ್ಕೋಪ್ಡ್ ತೋಟಾ). ಇದನ್ನು ರೂಪಿಸಿದ್ದು ಫ್ರಾನ್ಸಿನ ಬೂರ್ಜ್ ಊರಿನ ಸಿಟಿಎ ಇಂಟರ್‌ನ್ಯಾಷನಲ್. ಬ್ರಿಟನ್ನಿನ ಬಿಎಇ ಸಿಸ್ಟಮ್ಸ್ ಮತ್ತು ಫ್ರಾನ್ಸಿನ ನೆಕ್ಸ್ಟರ್ ಸೇರಿ ಕಟ್ಟಿದ ಕಂಪನಿ ಅದು. ತೋಟಾ 65 ಮಿಮೀ ದಪ್ಪ, 255 ಮಿಮೀ ಉದ್ದ. ಒಂದು ಲೀಟರಿನ ನೀರಿನ ಬಾಟಲಿಗಿಂತ ತುಸು ತೆಳ್ಳಗೆ. ಮೂತಿ ಹೊರಗಿಲ್ಲ, ಕುತ್ತಿಗೆ ಇಲ್ಲ, ಬುಡದಲ್ಲಿ ಅಂಚೂ ಇಲ್ಲ.

ನಮ್ಮ ಕಡೆಯ 12 ಬೋರ್ ತೋಟಾದಲ್ಲೂ ಚರೆ ಒಳಗೇ ಇರುತ್ತೆ. ಹಾಗಾದ್ರೆ ಅದೂ ಇದೇ ತಾನೆ?

ಕೊಡಗು, ಮಲೆನಾಡಿನ ಕಡೆಯವರಿಂದ ಈ ಪ್ರಶ್ನೆ ಬಂದೇ ಬರುತ್ತದೆ. ಒಳ್ಳೆಯ ಪ್ರಶ್ನೆ, ಯಾಕೆಂದರೆ ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ: ಚಪ್ಪಟೆ ಮುಖ, ಕೆಲವು ಟೆಲಿಸ್ಕೋಪ್ಡ್ ತೋಟಾಗಳಿಗೂ ಪ್ಲಾಸ್ಟಿಕ್ ಮೈ.

ಒಳಗೆ ಮಾತ್ರ ಲೆಕ್ಕ ಬೇರೆ. 12 ಬೋರಿನಲ್ಲಿ ಬುಡಕ್ಕೆ ಪ್ರೈಮರ್, ಅದರ ಮೇಲೆ ಮದ್ದು, ಮೇಲೆ ವಾಡ್ (ಮದ್ದು, ಚರೆ ಎರಡರ ನಡುವಿನ ಬಿರಡೆ), ಅದರ ಮೇಲೆ ಚರೆ, ಕೊನೆಗೆ ಮಡಚಿದ ಬಾಯಿ. ಎಲ್ಲ ಒಂದರ ಮೇಲೊಂದು. ಚರೆಯ ಪಕ್ಕದಲ್ಲಿ ಮದ್ದಿರುವುದಿಲ್ಲ. ಹಾಗಾಗಿ ಅದು ಟೆಲಿಸ್ಕೋಪ್ಡ್ ಅಲ್ಲ. ಮದ್ದು ಗುಂಡನ್ನು ಸುತ್ತುವರಿದಿದೆಯಾ ಅನ್ನುವುದನ್ನು ಮಾತ್ರ ನೋಡಿದರೆ ಸಾಕು.

ಗುಂಡನ್ನು ಒಳಗೆ ತಳ್ಳಿದ್ರೆ ಮದ್ದಿಗೆ ಜಾಗ ಕಮ್ಮಿ ಆಗಲ್ವಾ?

ಆಗುತ್ತದೆ. ಅದಕ್ಕೇ ತೋಟಾ ದಪ್ಪಗಾಗುತ್ತದೆ. ಉದ್ದದಲ್ಲಿ ಉಳಿಸಿದ್ದನ್ನು ಅಗಲದಲ್ಲಿ ಕೊಡಬೇಕು. ಇದನ್ನು ಮಾರಾಟದ ಕಿರುಪುಸ್ತಕಗಳು ಹೇಳುವುದು ಕಮ್ಮಿ.

ಸುಮ್ನೆ ಒಂದು ಲೆಕ್ಕ ಹಾಕೋಣ. ನಮ್ಮ ಸೇನೆಯ ಬಿಎಂಪಿ-2 'ಸಾರಥ್' ವಾಹನದ 30 ಮಿಮೀ ತೋಟಾ ಸುಮಾರು 40 ಮಿಮೀ ದಪ್ಪ, 291 ಮಿಮೀ ಉದ್ದ. ಸಿಟಿಎ ತೋಟಾ ಅದಕ್ಕಿಂತ 36 ಮಿಮೀ ಗಿಡ್ಡ. ಆದರೆ ದಪ್ಪ 65. ಚೌಕ ಡಬ್ಬಿಗಳಲ್ಲಿ ಜೋಡಿಸಿದೆವು ಅಂದುಕೊಂಡರೆ ಒಂದು ಸಿಟಿಎ ತೋಟಾ ಹಿಡಿಯುವ ಜಾಗದಲ್ಲಿ ಎರಡಕ್ಕಿಂತ ಜಾಸ್ತಿ 30 ಮಿಮೀ ತೋಟಾ ಕೂರುತ್ತವೆ. ಅಂದರೆ ಅದೇ ಗೋಪುರದಲ್ಲಿ (ವಾಹನದ ಮೇಲೆ ತೋಪು ಕೂರಿಸಿದ, ತಿರುಗುವ ಗೂಡು) ಎಣಿಕೆಯಲ್ಲಿ ಕಮ್ಮಿ ಗುಂಡು. ಪ್ರತಿ ಗುಂಡೂ ಹೆಚ್ಚು ಬಲದ್ದು ಅನ್ನುವುದು ನಿಜ. ಆದರೂ ಜಾಗ ಉಳಿಯಿತು ಅನ್ನುವವರು ಯಾವುದಕ್ಕೆ ಹೋಲಿಸುತ್ತಿದ್ದಾರೆ ಅಂತ ಮೊದಲು ಕೇಳಬೇಕು. ಬೇರೆ 40 ಮಿಮೀ ತೋಟಾಗಳಿಗೆ ಹೋಲಿಸಿದರೆ ಖಂಡಿತ ಉಳಿಯುತ್ತದೆ. 30 ಮಿಮೀಗೆ ಹೋಲಿಸಿದರೆ ಇಲ್ಲ.

ಎಲ್-70 ತೋಪೂ 40 ಮಿಮೀ ಅಲ್ವಾ? ಅದರ ತೋಟಾ ಇದಕ್ಕೆ ಹಾಕಬಹುದಾ?

ಆಗುವುದಿಲ್ಲ. 40 ಮಿಮೀ ಅನ್ನುವುದು ನಳಿಕೆಯ ಒಳಗಿನ ಅಳತೆ ಮಾತ್ರ. ಭಾರತೀಯ ಸೇನೆಯ ಎಲ್-70, ಅಂದರೆ ಬೆಂಗಳೂರಿನ ಬಿಇಎಲ್ ಹೊಸ ಸೆನ್ಸರ್ ಕೂರಿಸಿ ನವೀಕರಿಸಿದ ಆ ಹಳೆಯ ಬೋಫೋರ್ಸ್ ವಿಮಾನ ನಿರೋಧಕ ತೋಪು, 40×365ಆರ್ ತೋಟಾ ಬಳಸುತ್ತದೆ. ಅದು ತುದಿಯಿಂದ ತುದಿಗೆ 534 ಮಿಮೀ. ಸಿಟಿಎ ಅದರ ಅರ್ಧಕ್ಕಿಂತಲೂ ಗಿಡ್ಡ. ಬುಡದ ದಪ್ಪ ಮಾತ್ರ ಎರಡರದ್ದೂ ಹೆಚ್ಚುಕಮ್ಮಿ ಆಸುಪಾಸು.

ಇದು ಹೊಸ ಆವಿಷ್ಕಾರನಾ?

ಹೊಸದೇನಲ್ಲ. ಗುಂಡನ್ನು ಕೇಸಿನೊಳಗೆ ಹುದುಗಿಸುವ ಉಪಾಯ 1895ರ ರಷ್ಯಾದ ನಗಾಂತ್ ರಿವಾಲ್ವರಿನಲ್ಲೇ ಇತ್ತು. ಕುದುರೆ (ಪ್ರೈಮರಿಗೆ ಬಡಿಯುವ ಸುತ್ತಿಗೆ) ಎಳೆದಾಗ ಸಿಲಿಂಡರ್ ಮುಂದೆ ಸರಿದು, ಗುಂಡಿಗಿಂತ ಉದ್ದವಾದ ಕೇಸಿನ ಬಾಯಿ ನಳಿಕೆಯ ಒಳಕ್ಕೆ ತೂರಿಕೊಳ್ಳುತ್ತಿತ್ತು. ಸಂದಿಯಿಂದ ಅನಿಲ ಸೋರದಂತೆ ತಡೆಯುವುದು ಅದರ ಉದ್ದೇಶ. ಮದ್ದು ಮಾತ್ರ ಗುಂಡಿನ ಹಿಂದೆಯೇ ಇತ್ತು.

ಮದ್ದಿನ ನಡುವೆ ಗುಂಡು ಕೂರಿಸುವ ಕೆಲಸವನ್ನು ಅಮೆರಿಕದ ವಾಯುಪಡೆ 1950ರ ದಶಕದಲ್ಲಿ ಕೈಗೆತ್ತಿಕೊಂಡಿತು. ಎಫ್-15 ಯುದ್ಧವಿಮಾನಕ್ಕೆಂದು ಮಾಡಿದ 25 ಮಿಮೀ ಜಿಎಯು-7 ತೋಪು ಇಂಥ ತೋಟಾವನ್ನೇ ಬಳಸಬೇಕಿತ್ತು, ಅದೂ ಕೇಸೇ ಇಲ್ಲದ ಬಗೆಯದು. ಮದ್ದು, ಬೆಂಕಿಯ ತೊಂದರೆಗಳು ಬಗೆಹರಿಯಲಿಲ್ಲ. ಕೊನೆಗೆ ವಿಮಾನಕ್ಕೆ ಹಳೆಯ 20 ಮಿಮೀ ವಲ್ಕನ್ ತೋಪನ್ನೇ ಕೂರಿಸಿದರು.

ಎಂ16 ವಂಶದ ರೈಫಲ್ ರೂಪಿಸಿದ ಯುಜೀನ್ ಸ್ಟೋನರ್ ಪಾಲುದಾರರಾಗಿದ್ದ ಏರ್ಸ್ ಕಂಪನಿ ಆಮೇಲೆ 75 ಮಿಮೀ ಅಳತೆಯ ಟೆಲಿಸ್ಕೋಪ್ಡ್ ತೋಪನ್ನೇ ಮಾಡಿ ತೋರಿಸಿತು. ಅದೂ ಸೇನೆಗೆ ಸೇರಲಿಲ್ಲ.

## ಒಳಗೆ ನಡೆಯುವುದು

ಪ್ರೈಮರ್ ಸಿಡಿದ ಮೇಲೆ ಒಳಗೆ ನಿಜಕ್ಕೂ ಏನಾಗುತ್ತೆ?

ಇಡೀ ವಿನ್ಯಾಸದ ಹೃದಯ ಇದೇ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಮಾಮೂಲಿ ತೋಟಾದಲ್ಲಿ ಗುಂಡು ಮೊದಲೇ ನಳಿಕೆಯ ಬಾಯಲ್ಲಿ ಕೂತಿರುತ್ತದೆ. ಕೇಸಿನ ಕುತ್ತಿಗೆ ಅದನ್ನು ನೆಟ್ಟಗೆ ಹಿಡಿದಿರುತ್ತದೆ. ಮದ್ದು ಹೊತ್ತಿಕೊಂಡರೆ ಅನಿಲಕ್ಕೆ ಗುಂಡನ್ನು ತಳ್ಳುವುದು ಬಿಟ್ಟು ಬೇರೆ ದಾರಿ ಇಲ್ಲ.

ಟೆಲಿಸ್ಕೋಪ್ಡ್ ತೋಟಾದಲ್ಲಿ ಗುಂಡು ನಳಿಕೆಯಿಂದ ದೂರದಲ್ಲಿದೆ. ನಡುವೆ ಸಾಕಷ್ಟು ಅಂತರ. ಗುಂಡಿನ ಸುತ್ತ ಇರುವುದು ಗೋಡೆಯಲ್ಲ, ಉರಿಯಲು ಕಾಯುತ್ತಿರುವ ಮದ್ದು. ಹಾಗಾಗಿ ಬೆಂಕಿಯನ್ನು ಎರಡು ಹಂತದಲ್ಲಿ ಕೊಡಬೇಕು.

ಮೊದಲ ಹಂತದಲ್ಲಿ ಪ್ರೈಮರ್ ಒಂದು ಚಿಕ್ಕ ಮದ್ದಿನ ಗಂಟನ್ನು ಮಾತ್ರ ಹೊತ್ತಿಸುತ್ತದೆ. ಇದನ್ನು ಬೂಸ್ಟರ್ ಅನ್ನುತ್ತಾರೆ. 40 ಮಿಮೀಯಂಥ ದೊಡ್ಡ ತೋಟಾಗಳಲ್ಲಿ ಕೇಸಿನ ನಡುವೆ ಒಂದು ಕೊಳವೆ ಇರುತ್ತದೆ, ಗುಂಡಿನ ಬಾಲ ಅದರೊಳಗೆ ಕೂತಿರುತ್ತದೆ. ಬೂಸ್ಟರಿನ ಅನಿಲ ಈ ಕೊಳವೆಯಲ್ಲಿ ತುಂಬಿ ಗುಂಡನ್ನು ಮುಂದಕ್ಕೆ ನೂಕುತ್ತದೆ. ಕೊಳವೆಯೇ ದಾರಿ ತೋರಿಸುವುದರಿಂದ ಗುಂಡು ಓಲಾಡುವುದಿಲ್ಲ. ತೋಟಾದ ಮುಂಭಾಗದ ಮುಚ್ಚಳ ಒಡೆಯುತ್ತದೆ, ಗುಂಡು ನಳಿಕೆಯ ಬಾಯಿಗೆ ಹೋಗಿ ಬಿರಡೆ ಹಾಕಿದಂತೆ ಕಚ್ಚಿಕೊಳ್ಳುತ್ತದೆ.

ಎರಡನೆಯ ಹಂತ ಆಗ ಶುರು. ಗುಂಡು ಸರಿದ ಕೂಡಲೇ ಬೆಂಕಿಗೆ ಸುತ್ತಲಿನ ಮುಖ್ಯ ಮದ್ದಿನ ಕಡೆ ದಾರಿ ತೆರೆಯುತ್ತದೆ. ಅದು ಪೂರ್ತಿ ಹೊತ್ತಿಕೊಳ್ಳುವ ಹೊತ್ತಿಗೆ ನಳಿಕೆ ಮುಚ್ಚಿದೆ, ಒತ್ತಡ ಏರುತ್ತದೆ, ಗುಂಡು ಓಡುತ್ತದೆ. ಇದೆಲ್ಲ ಕೆಲವು ಮಿಲಿಸೆಕೆಂಡುಗಳಲ್ಲಿ ಮುಗಿಯುವ ಕೆಲಸ.

ಆ ಎರಡು ಹಂತದ ಟೈಮಿಂಗ್ ತಪ್ಪಿದ್ರೆ?

ಮುಖ್ಯ ಮದ್ದು ಬೇಗ ಹೊತ್ತಿಕೊಂಡಿತು ಅಂದುಕೊಳ್ಳಿ. ಬಿಸಿ ಅನಿಲ ಗುಂಡಿನ ಪಕ್ಕದಿಂದಲೇ ಮುಂದೆ ನುಗ್ಗುತ್ತದೆ. ತಳ್ಳಬೇಕಾದ ಬಲ ಸೋರಿಹೋಗಿ ವೇಗ ಬೀಳುತ್ತದೆ. ನಳಿಕೆಯ ಬಾಯಿ ಸವೆಯುತ್ತದೆ. ಗುಂಡು ಇನ್ನೂ ನೆಟ್ಟಗೆ ಕೂತಿರದಿದ್ದರೆ ಓರೆಯಾಗಿ ನಳಿಕೆ ಸೇರುತ್ತದೆ, ಗುರಿ ಕೆಡುತ್ತದೆ. ತಡವಾದರೆ ಗುಂಡು ಆಗಲೇ ಮುಂದೆ ಹೋಗಿರುತ್ತದೆ. ಹಿಂದೆ ಖಾಲಿ ಜಾಗ ಜಾಸ್ತಿಯಾಗಿ ಒತ್ತಡ ಬೇಕಾದಷ್ಟು ಏರುವುದಿಲ್ಲ.

ಒಂದೇ ಒಂದು ಸಲ ಸರಿಯಾಗಿ ಹೊಡೆಸುವುದು ದೊಡ್ಡ ಸಾಹಸವಲ್ಲ. ಹಿಮ ಬೀಳುವ ಬೆಳಗ್ಗೆಯೂ ಮರುಭೂಮಿಯ ಮಧ್ಯಾಹ್ನವೂ ಒಂದೇ ವೇಗ ಬರಿಸುವುದು ಕಷ್ಟ. ಮದ್ದು ಬಿಸಿಲಲ್ಲಿ ಚುರುಕಾಗಿ, ಚಳಿಯಲ್ಲಿ ನಿಧಾನವಾಗಿ ಉರಿಯುತ್ತದೆ. ಮಾಮೂಲಿ ತೋಟಾದಲ್ಲಿ ಒಂದು ಮದ್ದಿನ ಏರುಪೇರು ನೋಡಿಕೊಂಡರೆ ಸಾಕು. ಇಲ್ಲಿ ಬೂಸ್ಟರ್, ಮುಖ್ಯ ಮದ್ದು ಎರಡರದ್ದೂ ತಾಳ ಕೂಡಬೇಕು. ದಶಕಗಳ ಕಾಲ ಈ ತೋಟಾಗಳು ಪ್ರಯೋಗಶಾಲೆಯ ಹೊಸ್ತಿಲು ದಾಟದೆ ಉಳಿದದ್ದಕ್ಕೆ ಇದು ದೊಡ್ಡ ಕಾರಣ ಅಂತ ನನ್ನ ಅಭಿಪ್ರಾಯ.

ಕೇಸು ಪ್ಲಾಸ್ಟಿಕ್ ಅಂತೀರಿ. ಅಷ್ಟು ಒತ್ತಡಕ್ಕೆ ಚೂರಾಗಲ್ವಾ?

ಒತ್ತಡ ತಡೆಯುವುದು ಕೇಸಿನ ಕೆಲಸವೇ ಅಲ್ಲ, ಹಿತ್ತಾಳೆ ಕೇಸಿನದ್ದೂ ಅಲ್ಲ. ಅದನ್ನು ತಡೆಯುವುದು ಸುತ್ತಲಿನ ಉಕ್ಕಿನ ಚೇಂಬರ್, ಅಂದರೆ ತೋಟಾ ಕೂರುವ ಗೂಡು. ಕೇಸು ಹಿಗ್ಗಿ ಚೇಂಬರಿನ ಗೋಡೆಗೆ ಅಂಟಿಕೊಂಡು ಅನಿಲ ಸೋರದಂತೆ ನೋಡಿಕೊಂಡರೆ ಆಯಿತು.

ಮಾಮೂಲಿ ತೋಟಾದಲ್ಲಿ ಹಿತ್ತಾಳೆಯ ದಪ್ಪ ಬುಡ ಚೇಂಬರಿನಿಂದ ಸ್ವಲ್ಪ ಹೊರಗೆ ಉಳಿಯುತ್ತದೆ. ಅಲ್ಲಿ ಆಸರೆ ಕಮ್ಮಿ, ಹಾಗಾಗಿ ಲೋಹ ಗಟ್ಟಿ ಇರಲೇಬೇಕು. ಟೆಲಿಸ್ಕೋಪ್ಡ್ ತೋಟಾ ಪೂರ್ತಿ ಚೇಂಬರಿನ ಒಳಗೆ ಕೂರುತ್ತದೆ, ಸುತ್ತಲೂ ಆಸರೆ. ಅದಕ್ಕೇ ಪ್ಲಾಸ್ಟಿಕ್ ಸಾಕಾಗುತ್ತದೆ.

ತಲೆನೋವು ಇರುವುದು ತುದಿಗಳಲ್ಲಿ. ಚೇಂಬರ್ ಇಲ್ಲಿ ನಳಿಕೆಯ ಭಾಗವಲ್ಲ, ಬೇರೆಯೇ ತುಂಡು. ಮುಂದೆ ನಳಿಕೆಯ ಜೊತೆ ಒಂದು ಸಂದಿ, ಹಿಂದೆ ಬ್ರೀಚಿನ (ತೋಪಿನ ಹಿಂಬದಿ ಮುಚ್ಚುವ ಭಾಗ) ಜೊತೆ ಇನ್ನೊಂದು ಸಂದಿ. ಎರಡು ಕಡೆಯೂ ಸೋರಬಾರದು. ಕೇಸಿನ ಎರಡು ತುದಿಯ ಮುಚ್ಚಳಗಳೇ ಒತ್ತಡಕ್ಕೆ ಹಿಗ್ಗಿ ಆ ಸಂದಿ ಮುಚ್ಚುವಂತೆ ರೂಪಿಸಿರುತ್ತಾರೆ. ಪ್ರತಿ ಗುಂಡಿಗೂ ಹೊಸ ಸೀಲ್ ಸಿಕ್ಕ ಹಾಗೆ. ತೋಪಿನೊಳಗೆ ಶಾಶ್ವತ ಸೀಲ್ ಇಟ್ಟಿದ್ದರೆ ಅದು ಸವೆದು, ಸುಟ್ಟು, ಮತ್ತೆ ಮತ್ತೆ ಬದಲಿಸಬೇಕಿತ್ತು.

ಲೋಡ್ ಆಗೋದು ಹೇಗೆ? ಹಿಂದೆ ಮುಂದೆ ಓಡೋ ಬೋಲ್ಟೇ ಇಲ್ಲ ಅಂತಾರಲ್ಲ.

40 ಮಿಮೀ ಸಿಟಿಎ ತೋಟಾ ಹೊಡೆಯುವ ಸಿಟಿ40 ತೋಪನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ನಳಿಕೆಯ ಹಿಂದೆ ಒಂದು ಚೇಂಬರ್ ತುಂಡು ಇದೆ, 90 ಡಿಗ್ರಿ ತಿರುಗಬಲ್ಲದು. ಮೊದಲು ಅದು ನಳಿಕೆಗೆ ಅಡ್ಡಲಾಗಿ ನಿಲ್ಲುತ್ತದೆ. ಪಕ್ಕದಿಂದ ತೋಟಾ ಒಳಗೆ ಜಾರುತ್ತದೆ. ಚೇಂಬರ್ ತಿರುಗಿ ನಳಿಕೆಗೆ ನೇರವಾಗುತ್ತದೆ. ಗುಂಡು ಹಾರುತ್ತದೆ. ಚೇಂಬರ್ ಮತ್ತೆ ಅಡ್ಡ ತಿರುಗುತ್ತದೆ. ಈಗ ಮುಂದಿನ ತೋಟಾ ಒಳಗೆ ಬರುವಾಗಲೇ ಖಾಲಿ ಕೇಸನ್ನು ಇನ್ನೊಂದು ಬದಿಯಿಂದ ಹೊರಗೆ ತಳ್ಳುತ್ತದೆ. ನಿಮಿಷಕ್ಕೆ 200 ಗುಂಡಿನವರೆಗೆ ಹೀಗೇ.

ಇಲ್ಲಿ ಏನೇನು ಇಲ್ಲ ಅಂತ ಗಮನಿಸಿ. ಕೇಸಿನ ಅಂಚು ಹಿಡಿದು ಎಳೆಯುವ ಕೊಕ್ಕೆ ಇಲ್ಲ. ತೋಟಾದ ಪೂರ್ತಿ ಉದ್ದ ಹಿಂದಕ್ಕೆ ಸರಿದು ಮುಂದಕ್ಕೆ ಬರುವ ಬೋಲ್ಟ್ ಇಲ್ಲ. ಕುತ್ತಿಗೆ ಇರುವ ತೋಟಾವನ್ನು ಹಿಂದಿನಿಂದಲೇ ಒಳಗೆ ಹಾಕಬೇಕು, ಹಿಂದಿನಿಂದಲೇ ಎಳೆಯಬೇಕು. ನೇರ ಸಿಲಿಂಡರನ್ನು ಒಂದು ಕಡೆಯಿಂದ ತಳ್ಳಿದರೆ ಇನ್ನೊಂದು ಕಡೆಯಿಂದ ಹೊರಬೀಳುತ್ತದೆ. ಮೊದಲೇ ಹೇಳಿದ ದೊಡ್ಡ ಲಾಭ ಇದೇ.

ಇನ್ನೊಂದು ಜಾಣತನ ಇದೆ. ತೋಪು ಮೇಲೆ ಕೆಳಗೆ ವಾಲುವ ಅಚ್ಚಿನ ಗುಂಟವೇ ತೋಟಾ ಒಳಗೆ ಬರುತ್ತದೆ. ನಳಿಕೆ ಆಕಾಶ ನೋಡುತ್ತಿರಲಿ, ನೆಲ ನೋಡುತ್ತಿರಲಿ, ತೋಟಾ ಬರುವ ದಾರಿ ಅಲುಗಾಡುವುದಿಲ್ಲ. ಗೋಪುರದ ಒಳಗೆ ತೋಪಿನ ಹಿಂಭಾಗ ಚಾಚಿಕೊಳ್ಳುವುದೂ ಕಮ್ಮಿ. ಒಳಗೆ ಕೂರುವ ಸೈನಿಕರ ಮೊಣಕೈಗೆ ಜಾಗ ಸಿಗುತ್ತದೆ.

ಒಂದು ತೋಟಾ ಸಿಡಿಯದೆ ಉಳಿದ್ರೆ ತೋಪು ಕೆಟ್ಟು ನಿಲ್ಲುತ್ತಾ?

ಇಲ್ಲ. ಚೇಂಬರನ್ನು ತಿರುಗಿಸುವುದು ಮೋಟರ್, ಗುಂಡಿನ ಹಿನ್ನೂಕು ಅಲ್ಲ. ಮುಂದಿನ ತೋಟಾ ಬಂದು ಸಿಡಿಯದ್ದನ್ನು ಹೊರಗೆ ತಳ್ಳುತ್ತದೆ, ಕೆಲಸ ಮುಂದುವರಿಯುತ್ತದೆ.

## ಇನ್ನಷ್ಟು ಒಳಕ್ಕೆ

ಹಿತ್ತಾಳೆ ಕೇಸು ಬಿಸಿಯನ್ನು ಹೊರಗೆ ಒಯ್ಯುತ್ತೆ ಅಂತಾರೆ. ಪ್ಲಾಸ್ಟಿಕ್ ಒಯ್ಯಲ್ಲ. ಹಾಗಾದ್ರೆ ತೋಟಾ ತಾನಾಗೇ ಹೊತ್ತಿಕೊಳ್ಳಲ್ವಾ?

ಸರಿಯಾದ ಜಾಗಕ್ಕೇ ಕೈ ಹಾಕಿದ್ದೀರಿ. ಸತತವಾಗಿ ಹೊಡೆದಾಗ ನಳಿಕೆ ಕಾಯುತ್ತದೆ. ಮಾಮೂಲಿ ತೋಪಿನಲ್ಲಿ ಚೇಂಬರ್ ನಳಿಕೆಯದ್ದೇ ಹಿಂದಿನ ತುದಿ, ಅದೂ ಕಾಯುತ್ತದೆ. ಹೊಡೆಯುವುದು ನಿಲ್ಲಿಸಿದಾಗ ಒಳಗೆ ಒಂದು ತೋಟಾ ಉಳಿದಿದ್ದರೆ ಬಿಸಿಗೆ ಮದ್ದು ತಾನಾಗಿ ಹೊತ್ತಿಕೊಳ್ಳಬಹುದು. ಟ್ರಿಗರ್ ಒತ್ತದೆಯೇ ಗುಂಡು ಹಾರುತ್ತದೆ.

ಟೆಲಿಸ್ಕೋಪ್ಡ್ ತೋಪಿನಲ್ಲಿ ಎರಡು ಅನುಕೂಲ. ಚೇಂಬರ್ ಬೇರೆ ತುಂಡಾದ್ದರಿಂದ ನಳಿಕೆಯ ಬಿಸಿ ಅದಕ್ಕೆ ಅಷ್ಟು ಬೇಗ ಹರಿಯುವುದಿಲ್ಲ. ಪ್ಲಾಸ್ಟಿಕ್ ಬಿಸಿಯನ್ನು ಹೊರಗೆ ಒಯ್ಯುವುದಿಲ್ಲ ನಿಜ, ಆದರೆ ಚೇಂಬರಿನ ಬಿಸಿಯನ್ನು ಮದ್ದಿಗೂ ಸುಲಭವಾಗಿ ಬಿಡುವುದಿಲ್ಲ. ಕೇಸೇ ಇಲ್ಲದ ತೋಟಾಗಳಿಗೆ ಈ ತಡೆಯೂ ಇಲ್ಲ.

ಜರ್ಮನಿಯ ಜಿ11 ರೈಫಲ್ ಕೂಡ ಇದೇ ಥರ ಅಲ್ವಾ? ಅದು ಯಾಕೆ ಬರಲಿಲ್ಲ?

ಹೌದು, ಮತ್ತು ನನಗೆ ಬಹಳ ಇಷ್ಟವಾದ ವಿಫಲ ಬಂದೂಕು ಅದು. ಹೆಕ್ಲರ್ ಅಂಡ್ ಕಾಕ್ ಮಾಡಿದ್ದು. ಅದರ 4.73 ಮಿಮೀ ತೋಟಾಗೆ ಕೇಸೇ ಇಲ್ಲ. ಗಟ್ಟಿಯಾಗಿ ಒತ್ತಿದ ಮದ್ದಿನ ಚೌಕ ತುಂಡು, ಅಂದಾಜು 8 ಮಿಮೀ ಅಗಲ, 33 ಮಿಮೀ ಉದ್ದ. ಅದರ ಹೊಟ್ಟೆಯೊಳಗೆ ಗುಂಡು. ತೂಕ 5 ಗ್ರಾಂ ಆಸುಪಾಸು. ನೇಟೋದ 5.56 ಮಿಮೀ ತೋಟಾ ಸುಮಾರು 12 ಗ್ರಾಂ ತೂಗುತ್ತದೆ.

ಮ್ಯಾಗಜಿನ್ ನಳಿಕೆಯ ಮೇಲೆ ಉದ್ದುದ್ದ ಮಲಗಿರುತ್ತಿತ್ತು, ತೋಟಾಗಳು ಮೂತಿ ಕೆಳಗೆ ಮಾಡಿ ನಿಂತಿರುತ್ತಿದ್ದವು. ಚೇಂಬರ್ 90 ಡಿಗ್ರಿ ತಿರುಗಿ ಒಂದೊಂದನ್ನೇ ನಳಿಕೆಗೆ ಒಪ್ಪಿಸುತ್ತಿತ್ತು. ಮೂರು ಗುಂಡಿನ ಸರಣಿ ನಿಮಿಷಕ್ಕೆ 2,000ಕ್ಕೂ ಮೇಲಿನ ವೇಗದಲ್ಲಿ ಹಾರುತ್ತಿತ್ತು. ಹಿನ್ನೂಕು ಭುಜಕ್ಕೆ ತಟ್ಟುವ ಮೊದಲೇ ಮೂರೂ ಹೋಗಿರಬೇಕು ಅನ್ನುವುದು ಯೋಜನೆ.

ಮೊದಮೊದಲು ಬಿಸಿ ಚೇಂಬರಿನಲ್ಲಿ ತೋಟಾ ತಾನಾಗಿ ಹೊತ್ತಿಕೊಳ್ಳುತ್ತಿತ್ತು. ಡೈನಮಿಟ್ ನೋಬೆಲ್ ಕಂಪನಿ ಹೆಚ್ಚಿನ ಉಷ್ಣತೆಗೆ ಮಾತ್ರ ಹೊತ್ತುವ ಹೊಸ ಮದ್ದು ಕೊಟ್ಟು ಅದನ್ನು ಬಹಳಮಟ್ಟಿಗೆ ಸರಿಮಾಡಿತು. ಎಲ್ಲ ಒಂದು ಹಂತಕ್ಕೆ ಬರುವಾಗ 1990 ಬಂತು. ಜರ್ಮನಿ ಒಂದಾಯಿತು, ಶೀತಲ ಸಮರ ಮುಗಿಯಿತು. ಬೇರೆ ಯಾರೂ ಬಳಸದ ತೋಟಾಗೆ ಹಣ ಹಾಕುವ ಮನಸ್ಸು ಸರ್ಕಾರಕ್ಕೆ ಉಳಿಯಲಿಲ್ಲ.

ಸೈನಿಕರ ರೈಫಲ್‌ಗಳಿಗೆ ಇದು ಬರೋದೇ ಇಲ್ವಾ?

ಹತ್ತಿರಕ್ಕೆ ಬಂದಿತ್ತು. ಅಮೆರಿಕದಲ್ಲಿ 2004ರಲ್ಲಿ ಶುರುವಾದ ಎಲ್‌ಸ್ಯಾಟ್ ಯೋಜನೆಯಲ್ಲಿ ಪ್ಲಾಸ್ಟಿಕ್ ಕೇಸಿನ 5.56 ಮಿಮೀ ಟೆಲಿಸ್ಕೋಪ್ಡ್ ತೋಟಾ ಮತ್ತು ಅದಕ್ಕೊಂದು ಲಘು ಮಷಿನ್‌ಗನ್ ಮಾಡಿದರು. ಬಳಕೆಯಲ್ಲಿದ್ದ ಎಂ249 ಏಳೂವರೆ ಕಿಲೋ ಆಸುಪಾಸು ತೂಗಿದರೆ ಇದು ನಾಲ್ಕೂವರೆ ಕಿಲೋಗಿಂತ ಕಮ್ಮಿ. ತೋಟಾ ಮೂರನೇ ಒಂದು ಭಾಗಕ್ಕೂ ಜಾಸ್ತಿ ಹಗುರ. ಮಷಿನ್‌ಗನ್ ಹೊರುವವನಿಗೆ ಇದು ಸಣ್ಣ ಮಾತಲ್ಲ.

ಅದೇ ದಾರಿಯಲ್ಲಿ ಟೆಕ್ಸ್‌ಟ್ರಾನ್ ಕಂಪನಿ 6.8 ಮಿಮೀ ರೈಫಲ್, ಮಷಿನ್‌ಗನ್ ಮಾಡಿ ಅಮೆರಿಕ ಸೇನೆಯ ಸ್ಪರ್ಧೆಗೆ ಇಳಿಯಿತು. 2022ರ ಏಪ್ರಿಲ್‌ನಲ್ಲಿ ಗೆದ್ದದ್ದು ಸಿಗ್ ಸಾವರ್. ಅದರ ತೋಟಾ ಹಿತ್ತಾಳೆ ಮೈ, ಉಕ್ಕಿನ ಬುಡ, ಆಕಾರ ಮಾತ್ರ ಹಳೆಯದೇ.

ಬೆಲ್ಟ್‌ನಲ್ಲಿ ಬರುವ ಮಷಿನ್‌ಗನ್‌ಗೆ ದಪ್ಪ ತೋಟಾ ಅಷ್ಟೇನೂ ಅಡ್ಡಿಯಲ್ಲ. ರೈಫಲಿನ ಮ್ಯಾಗಜಿನ್‌ಗೆ ಅಡ್ಡಿ. ತೋಟಾ ದಪ್ಪವಾದಷ್ಟೂ ಮ್ಯಾಗಜಿನ್ ಉದ್ದವಾಗುತ್ತದೆ, ಇಲ್ಲವೇ ಗುಂಡು ಕಮ್ಮಿಯಾಗುತ್ತದೆ. ಜೊತೆಗೆ ಓಡಾಡುವ ಚೇಂಬರ್ ಒಂದು ಕೈಬಂದೂಕಿನಲ್ಲಿ ಭಾರದ, ಹೊಸ ಭಾಗ. ನನ್ನನ್ನು ಕೇಳಿದರೆ ಈ ತೋಟಾದ ಜಾಗ ತೋಪು ಮತ್ತು ಮಷಿನ್‌ಗನ್, ರೈಫಲ್ ಅಲ್ಲ.

ಗಿಡ್ಡ ತೋಟಾದಲ್ಲಿ ಕವಚ ಸೀಳುವ ಉದ್ದ ಬಾಣ ಹೇಗೆ ಹಿಡಿಸ್ತಾರೆ?

ಬಾಣ ಅಂದರೆ ಇಲ್ಲಿ ತೆಳ್ಳಗಿನ, ಉದ್ದನೆಯ ಲೋಹದ ಗುಂಡು. ಅದನ್ನು ಕೇಸಿನ ಹೆಚ್ಚುಕಮ್ಮಿ ಪೂರ್ತಿ ಉದ್ದಕ್ಕೂ ಮಲಗಿಸುತ್ತಾರೆ. ಸುತ್ತ ಮದ್ದು ಇರುವುದರಿಂದ ಇದು ಸಾಧ್ಯ. ಆದರೆ 255 ಮಿಮೀ ಮಿತಿ ದಾಟುವಂತಿಲ್ಲ. ಮಾಮೂಲಿ ತೋಟಾದಲ್ಲಿ ಬಾಣದ ಮೂತಿಯನ್ನು ಹೊರಗೆ ಚಾಚಿ ಇನ್ನಷ್ಟು ಉದ್ದ ಮಾಡುವ ಸ್ವಾತಂತ್ರ್ಯ ಇರುತ್ತದೆ, ಇಲ್ಲಿ ಅದಿಲ್ಲ. ಕೇಸು ದಪ್ಪವಿದ್ದು ಮದ್ದು ಜಾಸ್ತಿ ಹಿಡಿಯುವುದರಿಂದ ಬಾಣ ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ ಹೊರಡುತ್ತದೆ. 140 ಮಿಮೀಗಿಂತ ದಪ್ಪದ ಉಕ್ಕಿನ ಕವಚ ಸೀಳುತ್ತದೆ ಅನ್ನುವುದು ತಯಾರಕರ ಮಾತು.

ಇಷ್ಟೆಲ್ಲ ಒಳ್ಳೇದಿದ್ರೆ ಎಲ್ಲ ದೇಶಗಳೂ ಯಾಕೆ ತಗೊಂಡಿಲ್ಲ?

ತೋಪು ಕೊಂಡರೆ ತೋಟಾ ಸರಪಳಿಯನ್ನೂ ಕೊಳ್ಳಬೇಕು. 30 ಮಿಮೀ ತೋಟಾ ಎಷ್ಟೋ ದೇಶಗಳಲ್ಲಿ ತಯಾರಾಗುತ್ತದೆ. ಒಬ್ಬರು ಕೊಡದಿದ್ದರೆ ಇನ್ನೊಬ್ಬರ ಬಳಿ ಹೋಗಬಹುದು. ಸಿಟಿ40 ತೋಪಿಗೆ ಸಿಟಿಎ ತೋಟಾ ಬಿಟ್ಟು ಬೇರೇನೂ ಹೊಂದುವುದಿಲ್ಲ, ಬಳಸುವವರೂ ಕಮ್ಮಿ. ಕೊಳ್ಳುವವರು ಕಮ್ಮಿ ಇದ್ದಷ್ಟೂ ಬಿಡಿ ತೋಟಾದ ಬೆಲೆ ಜಾಸ್ತಿ.

ಬ್ರಿಟನ್ 2015ರಲ್ಲಿ 515 ತೋಪುಗಳಿಗೆ ಆರ್ಡರ್ ಕೊಟ್ಟಿತು. ಅದರಲ್ಲಿ ಒಂದು ಪಾಲು ಏಜಾಕ್ಸ್ ವಾಹನಕ್ಕೆ, ಇನ್ನೊಂದು ಪಾಲು ಹಳೆಯ ವಾರಿಯರ್ ವಾಹನಗಳ ನವೀಕರಣಕ್ಕೆ. ವಾರಿಯರ್ ನವೀಕರಣವನ್ನು 2021ರಲ್ಲಿ ಕೈಬಿಟ್ಟರು. ಫ್ರಾನ್ಸ್ ತನ್ನ ಆರು ಚಕ್ರದ ಜಾಗ್ವಾರ್ ವಾಹನಕ್ಕೆ ಇದನ್ನೇ ಕೂರಿಸಿದೆ.

ನೆಲದ ಮೇಲಿನ ವಾಹನ ಬಿಟ್ಟು ಬೇರೆಲ್ಲಾದರೂ ಬಳಕೆ ಇದೆಯಾ?

ಇದೆ. ನೆಕ್ಸ್ಟರ್ ಮತ್ತು ಥಾಲೆಸ್ ಸೇರಿ ಮಾಡಿದ ರಾಪಿಡ್‌ಫೈರ್ ಅನ್ನುವ ಗೋಪುರ ಫ್ರಾನ್ಸಿನ ನೌಕಾಪಡೆಯ ಹೊಸ ಸರಬರಾಜು ಹಡಗುಗಳಲ್ಲಿ ಬರುತ್ತಿದೆ. 'ಜಾಕ್ ಶೆವಾಲಿಯೆ' ಆ ಸಾಲಿನ ಮೊದಲನೆಯದು. ತೋಪು ಅದೇ 40 ಮಿಮೀ, ಕೆಲಸ ಮಾತ್ರ ಡ್ರೋನ್, ವಿಮಾನಗಳನ್ನು ಹೊಡೆಯುವುದು. ಅದಕ್ಕೆಂದೇ ಗಾಳಿಯಲ್ಲಿ ಸಿಡಿದು ಟಂಗ್‌ಸ್ಟನ್ ಚರೆ ಚೆಲ್ಲುವ ತೋಟಾ ಇದೆ. ಆಕಾಶದ ಗುರಿಗೆ ನಳಿಕೆ ಬಹಳ ಮೇಲಕ್ಕೆ ಎತ್ತಬೇಕಾಗುತ್ತದೆ. ವಾಲುವ ಅಚ್ಚಿನ ಗುಂಟ ತೋಟಾ ತುಂಬುವ ವ್ಯವಸ್ಥೆ ಭೂಸೇನೆಗಿಂತ ಇಲ್ಲಿ ಜಾಸ್ತಿ ಉಪಯೋಗಕ್ಕೆ ಬರುತ್ತದೆ.